ಮೆಟ್ಟಿಲ ಕೆಳಗಿನ ಬಿಳಿ ಪುಡಿ

ಕಂದು ಬಣ್ಣದ ಹನಿ ಪುಡಿಯ ಮೇಲೆ ಬಿದ್ದಾಗ ಮೊದಲು ಏನೂ ಆಗಲಿಲ್ಲ. ಆಮೇಲೆ ಪುಡಿಯ ಅಂಚು ನೇರಳೆಯಾಯಿತು. ನೇರಳೆ ಒಳಮುಖವಾಗಿ ಹರಡಿ ಕಡುನೀಲಿಯಾಯಿತು. ವಿನೋದಿನಿ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಹೆಚ್ಚುಕಡಿಮೆ ಕಪ್ಪಾಯಿತು.

ಅವಳು ಇನ್ನೊಂದು ಮೂಲೆಯಿಂದ ಮತ್ತೊಂದು ಚಿಟಿಕೆ ತೆಗೆದು, ಬೇರೆ ಗಾಜಿನ ತಟ್ಟೆಯ ಮೇಲಿಟ್ಟು, ಅಯೋಡಿನ್ ಹನಿಯನ್ನು ಮತ್ತೆ ಬಿಟ್ಟಳು. ಬಾಗಿಲ ಬಳಿಯ ಪುಡಿಯನ್ನೂ ಹಾಗೆಯೇ ಪರೀಕ್ಷಿಸಿದಳು. ಫಲಿತಾಂಶ ಬದಲಾಗಲಿಲ್ಲ.

"ಎಂತ ಅದು?" ಬಾಗಿಲ ಹೊರಗೆ ಮೂಗಿಗೆ ಟವೆಲ್ ಒತ್ತಿಕೊಂಡು ನಿಂತಿದ್ದ ಪೂವಪ್ಪ ಕೇಳಿದರು. "ಪಾದರಸವಾ?"

"ಹಿಟ್ಟು, ಪೂವಪ್ಪಣ್ಣ." ವಿನೋದಿನಿ ಮುಖಗವಸನ್ನು ಗಲ್ಲಕ್ಕೆ ಇಳಿಸಿದಳು. "ತಿನ್ನುವ ಹಿಟ್ಟು."

ಪರೇಲಿನ ಈ ಹಳೆಯ ಚಾಳಿನ ಮೆಟ್ಟಿಲ ಕೆಳಗಿನ ಖೋಲಿಯಲ್ಲಿ ಎಲೆಕ್ಟ್ರಿಷಿಯನ್ ಪ್ರೀತಮ್ ಸುತ್ತಲಿನ ಮನೆಗಳ, ಹೋಟೆಲುಗಳ ಹಾಳಾದ ಟ್ಯೂಬ್‌ಲೈಟುಗಳನ್ನು ಕೂಡಿಡುತ್ತಿದ್ದ. ಸೋಮವಾರ ಬೆಳಿಗ್ಗೆ ಅವುಗಳ ಪೆಟ್ಟಿಗೆ ಬರಿದಾಗಿತ್ತು, ನೆಲದ ಮೇಲೆ ಈ ಬಿಳಿ ಪುಡಿ ಚೆಲ್ಲಿತ್ತು.

ಖೋಲಿಯ ಒಳಗೋಡೆಯಲ್ಲಿ ಒಂದು ಕಿಟಕಿ; ಅದರಾಚೆ ಪ್ರೀತಮ್‌ನ ಮನೆ. ಅವನ ಹೆಂಡತಿ ನಿಶ್ಮಿತಾ ಏಳು ತಿಂಗಳ ಬಸುರಿ. ಆ ಬೆಳಿಗ್ಗೆ ಅವಳಿಗೆ ವಾಂತಿಯಾಯಿತು, ತಲೆ ಸುತ್ತಿತು. ಅದೇ ಹೊತ್ತಿಗೆ ಯಾರೋ ಪುಡಿಯನ್ನು ಕಂಡು, ಟ್ಯೂಬುಗಳನ್ನು ಇಲ್ಲಿಯೇ ಒಡೆದಿದ್ದಾರೆ, ಪಾದರಸದ ಆವಿ ಕಿಟಕಿಯಿಂದ ಒಳಗೆ ಹೋಗಿದೆ ಎಂದು ಸುದ್ದಿ ಹಬ್ಬಿಸಿದರು. ನಿಶ್ಮಿತಾ ಅಂದಿನಿಂದ ಆಸ್ಪತ್ರೆಯಲ್ಲಿದ್ದಳು. ರಕ್ತದ ವರದಿ ಇವತ್ತು, ಮಂಗಳವಾರ, ಬರಬೇಕಿತ್ತು.

ಇವತ್ತೇ ಸಂಜೆ ಚಾಳಿನ ಕಮಿಟಿಯ ಸಭೆಯೂ ಇತ್ತು. ಟ್ಯೂಬುಗಳ ತುದಿಯ ಅಲ್ಯುಮಿನಿಯಂ ಟೊಪ್ಪಿಗಳನ್ನು ಗುಜರಿಯವನಿಗೆ ಮಾರುವ ಆಸೆಯಿಂದ ಪ್ರೀತಮನೇ ಅವನ್ನು ಒಡೆದಿದ್ದಾನೆ ಎಂಬುದು ಕಮಿಟಿಯ ಅಧ್ಯಕ್ಷರಾದ ಪೂವಪ್ಪನವರ ಆರೋಪ. ಸಭೆ ಅದನ್ನು ಒಪ್ಪಿದರೆ ಪ್ರೀತಮ್ ಖೋಲಿಯನ್ನು ಕಳೆದುಕೊಳ್ಳುತ್ತಿದ್ದ, ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಹತ್ತಬೇಕಾಗುತ್ತಿತ್ತು. ಹುಟ್ಟಲಿರುವ ತನ್ನ ಮಗುವಿಗೆ ತಾನೇ ವಿಷವಿಕ್ಕಿದವನೆಂಬ ಮಾತು ಅವನನ್ನು ಈಗಾಗಲೇ ಅರ್ಧ ಕೊಂದಿತ್ತು.

ಅವನು ಮೊದಲು ಫೋನ್ ಮಾಡಿದ್ದು ವಿನೋದಿನಿಗೆ. ಅವಳು ವಿಲೆ ಪಾರ್ಲೆಯ ಪ್ರಯೋಗಾಲಯವೊಂದರಲ್ಲಿ ರಸಾಯನಶಾಸ್ತ್ರಜ್ಞೆ. ಊರಿನಲ್ಲಿ ಅವನ ನೆರೆಮನೆಯವಳು. ಸೋಮವಾರವೇ ಓಡಿಬಂದು, ಪುಡಿಯನ್ನು ಗುಡಿಸಲು ಹೊರಟವರ ಕೈಯಿಂದ ಪೊರಕೆ ಕಿತ್ತುಕೊಂಡಿದ್ದಳು. ಪೊರಕೆ ಪಾದರಸವನ್ನು ಒಟ್ಟುಗೂಡಿಸುವುದಿಲ್ಲ, ಹರಡುತ್ತದೆ. ರಸ್ತೆಯ ಕಡೆಯ ಗವಾಕ್ಷಿಯನ್ನು ತೆರೆಸಿ, ಬಾಗಿಲಿಗೆ ಬೀಗ ಹಾಕಿಸಿ ಹೋಗಿದ್ದಳು.

ಇವತ್ತು ಸಲಕರಣೆಗಳೊಡನೆ ಬಂದು, ಮೊದಲು ನೇರಳಾತೀತ ಕಿರಣದ ಪುಟ್ಟ ದೀಪವನ್ನು ಪುಡಿಯ ಮೇಲೆ ಹಿಡಿದಳು. ಟ್ಯೂಬಿನ ಒಳಗೋಡೆಗೆ ಬಳಿದ ಪುಡಿಯಾಗಿದ್ದರೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮಸೂರ ಹಿಡಿದು ನೆಲದ ಪ್ರತಿ ಬಿರುಕಿನಲ್ಲೂ ಗಾಜಿನ ಚೂರು ಹುಡುಕಿದಳು. ಸಿಗಲಿಲ್ಲ. ಉಳಿದದ್ದು ಅಯೋಡಿನ್, ಅದೂ ಈಗ ತನ್ನ ಸಾಕ್ಷ್ಯ ನುಡಿದಿತ್ತು.

ಗಾಜು ಒಡೆದಿರಲಿಲ್ಲ. ಹಾಗಾದರೆ ಹಿಟ್ಟು ಎಲ್ಲಿಂದ ಬಂತು? ಟ್ಯೂಬುಗಳು ಎಲ್ಲಿ ಹೋದವು?

ಪೂವಪ್ಪನವರ ಹೋಟೆಲಿನ ಅಡುಗೆಮನೆ ಈ ಖೋಲಿಯ ಪಕ್ಕದ ಗೋಡೆಗೇ ಅಂಟಿಕೊಂಡಿತ್ತು.

"ಪೂವಪ್ಪಣ್ಣ, ಒಂದು ಮಾತು ಕೇಳ್ತೇನೆ, ಬೇಸರ ಮಾಡಬೇಡಿ," ಎಂದಳು ವಿನೋದಿನಿ, ತಟ್ಟೆಗಳನ್ನು ಒಂದೊಂದಾಗಿ ಮುಚ್ಚುತ್ತ. "ಭಾನುವಾರ ನಿಮ್ಮ ಅಡುಗೆಮನೆಯಿಂದ ಯಾರಾದರೂ ಇಲ್ಲಿಗೆ ಬಂದಿದ್ದಾರಾ?"

ಪೂವಪ್ಪ ಟವೆಲನ್ನು ಮೂಗಿನಿಂದ ತೆಗೆದರು. "ಗುಮಾನಿ ಈಗ ನನ್ನ ಮೇಲೆಯಾ?"

"ಈ ಖೋಲಿ ಬೇಕೂಂತ ಕಮಿಟಿಯಲ್ಲಿ ಕೇಳಿದವರು ನೀವು. ಪ್ರೀತಮ್ ಬಿಟ್ಟುಕೊಡ್ಲಿಲ್ಲ. ಈಗ ಟ್ಯೂಬ್ ಮಾಯ, ನೆಲದಲ್ಲಿ ಹಿಟ್ಟು, ಇಡೀ ಬಿಲ್ಡಿಂಗಿಗೆ ಹೆದರಿಕೆ. ಪ್ರೀತಮ್ ಹೊರಗೆ ಹೋದರೆ ಖೋಲಿ ಯಾರಿಗೆ?"

"ನನಗೆ." ಅವರು ತಪ್ಪಿಸಿಕೊಳ್ಳಲು ನೋಡಲಿಲ್ಲ. "ಗ್ರೈಂಡರ್ ಇಡಲಿಕ್ಕೆ ಜಾಗ ಇಲ್ಲ ಮಾರಾಯ್ತಿ, ಖೋಲಿ ಬೇಕೇ ಬೇಕು. ಅದಕ್ಕಾಗಿ ಬಸುರಿ ಹೆಂಗಸನ್ನು ಹೆದರಿಸಿ ಆಸ್ಪತ್ರೆಗೆ ಕಳಿಸುವವನಾ ನಾನು? ಅವಳಿಗೆ ದಿನಾ ಬೆಳಿಗ್ಗೆ ನೀರುದೋಸೆ ಕಳಿಸುವುದು ಯಾರೂಂತ ಅವಳನ್ನೇ ಕೇಳು."

"ಪ್ರೀತಮನ ಮೇಲೆ ದೂರು ಬರೆಸಿದವರೂ ನೀವೇ ಅಲ್ವಾ?"

"ಬರೆಸಿದೆ. ಅವ ಒಡೆದಿದ್ದಾನೇಂತ ನಂಬಿದ್ದೆ. ಈಗಲೂ ನಂಬಿದ್ದೇನೆ. ನಿನ್ನ ಆ ನೀಲಿ ಮದ್ದು ಏನು ಹೇಳ್ತದೋ ನನಗೆ ಗೊತ್ತಿಲ್ಲ."

ವಿನೋದಿನಿ ಚೀಲದಿಂದ ಪುಟ್ಟ ಸೂಕ್ಷ್ಮದರ್ಶಕವನ್ನು ತೆಗೆದು, ಪುಡಿಯ ಕಣಗಳನ್ನು ನೀರಿನಲ್ಲಿ ಕದಡಿ, ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. ಹಿಟ್ಟುಗಳೆಲ್ಲ ಬರಿಗಣ್ಣಿಗೆ ಒಂದೇ. ಮಸೂರದಡಿಯಲ್ಲಿ ಅಲ್ಲ. ಅಕ್ಕಿಯ ಪಿಷ್ಟದ ಕಣಗಳು ತೀರ ಸಣ್ಣವು, ಮೂಲೆಮೂಲೆಯಾಗಿರುತ್ತವೆ. ಗೋಧಿಯಲ್ಲಿ ದೊಡ್ಡ ದುಂಡು ಕಣಗಳೂ ಚಿಕ್ಕ ಕಣಗಳೂ ಬೆರೆತಿರುತ್ತವೆ. ಇಲ್ಲಿ ಕಂಡದ್ದು ಎರಡನೆಯ ಬಗೆ.

"ಇದು ಗೋಧಿಯದು," ಎಂದಳು.

ಪೂವಪ್ಪನವರ ಮುಖದ ಬಿಗುವು ಸಡಿಲಿತು. ಕ್ಷಣ ಕಳೆದು ಅದರ ಮೇಲೆ ಗೆಲುವಿನ ಒಂದು ಎಳೆಯೂ ಮೂಡಿತು. ಅವಳನ್ನು ಹೆಚ್ಚುಕಡಿಮೆ ಕೈಹಿಡಿದು ಎಳೆದಂತೆ ಅಡುಗೆಮನೆಗೆ ಕರೆದೊಯ್ದು, ಡಬ್ಬಗಳ ಮುಚ್ಚಳವನ್ನು ಸಾಲಾಗಿ ತೆರೆಸಿದರು. ಅಕ್ಕಿ, ಉದ್ದು, ಕಡಲೆ, ರವೆ. ಪೂರಿ, ಪರೋಟವನ್ನು ನಿಲ್ಲಿಸಿ ಬಹಳ ಕಾಲವಾಯಿತು, ಗ್ಯಾಸಿನ ಖರ್ಚಿಗೆ ಪೂರೈಸುವುದಿಲ್ಲ ಎಂದು ಅಡುಗೆಯವರೂ ಸಾಕ್ಷಿ ಹೇಳಿದರು. ಹಿಟ್ಟಾಗಿ ಬೀಸಿದ ಗೋಧಿಯ ಒಂದು ಕಣವೂ ಅಲ್ಲಿರಲಿಲ್ಲ. ವಿನೋದಿನಿ ಕಪಾಟಿನ ಹಿಂದೆಯೂ ಇಣುಕಿ ನೋಡಿ, ಆಮೇಲೆ ಕ್ಷಮೆ ಕೇಳಿದಳು.

"ಗೋಧಿ ಬೇಕಾದರೆ ಮೇಲೆ ಹೋಗು," ಎಂದರು ಪೂವಪ್ಪ, ಇನ್ನೂ ಪೂರ್ತಿ ಇಳಿಯದ ಸಿಟ್ಟಿನಲ್ಲಿ. "ಬೇಸಿಗೆ ಬಂತಲ್ಲ. ಆ ಘಟ್ಟದ ಮೇಲಿನವರ ಶ್ಯಾವಿಗೆ ಹಿಟ್ಟು ಮೂರು ಮಾಳಿಗೆ ಇಳಿದು ನನ್ನ ಕಾಫಿಗೂ ಬೀಳ್ತದೆ."

ಅವರದನ್ನು ಚುಚ್ಚುಮಾತಾಗಿ ಹೇಳಿದ್ದರು. ವಿನೋದಿನಿ ಮಾತ್ರ ನಿಂತಲ್ಲಿಯೇ ತಿರುಗಿ ಮೆಟ್ಟಿಲ ಕಡೆ ನೋಡಿದಳು.

ಮರದ ಕೈಹಿಡಿಯ ಮೇಲೆ ಮಸುಕಾದ ಬಿಳಿ ಬೆರಳುಗಳ ಗುರುತಿತ್ತು. ಮೊದಲ ತಿರುವಿನ ಗೋಡೆಗೆ, ಭುಜದ ಎತ್ತರದಲ್ಲಿ, ಯಾವುದೋ ಉದ್ದನೆಯ ವಸ್ತುವಿನ ತುದಿ ತಾಗಿ ಸುಣ್ಣ ಕೆರೆದಿತ್ತು. ಎರಡನೆಯ ತಿರುವಿನಲ್ಲಿಯೂ ಅದೇ ಎತ್ತರದಲ್ಲಿ ಅದೇ ಗೀರು. ಉದ್ದನೆಯ ಹೊರೆಯನ್ನು ಹೊತ್ತವರು ಹೊರಗೆ ಬೀದಿಗೆ ಹೋಗಿರಲಿಲ್ಲ. ಮೇಲಕ್ಕೆ ಹತ್ತಿದ್ದರು.

ಟೆರೇಸಿನ ಬಾಗಿಲು ಅರೆತೆರೆದಿತ್ತು. ವಿನೋದಿನಿ ಅದನ್ನು ತಳ್ಳಿ, ಹೊಸ್ತಿಲಲ್ಲಿಯೇ ನಿಂತಳು.

ಬಿಸಿಲಿನಲ್ಲಿ ಎರಡು ಹಳೆಯ ಕಬ್ಬಿಣದ ಮಂಚಗಳನ್ನು ಮಗ್ಗುಲಾಗಿ ನಿಲ್ಲಿಸಿ, ಅವುಗಳ ನಡುವೆ ಪ್ರೀತಮ್‌ನ ಟ್ಯೂಬ್‌ಲೈಟುಗಳನ್ನು ಸಾಲಾಗಿ ಅಡ್ಡ ಇಡಲಾಗಿತ್ತು. ಒಂದೊಂದರ ಮೇಲೂ ಶ್ಯಾವಿಗೆಯ ಎಳೆಗಳು ಎರಡು ಬದಿಗೆ ಇಳಿಬಿದ್ದಿದ್ದವು. ಗಾಳಿ ಬೀಸಿದಾಗ ಅವೆಲ್ಲ ಒಟ್ಟಿಗೆ ತೂಗಿ, ಒಟ್ಟಿಗೆ ನಿಲ್ಲುತ್ತಿದ್ದವು. ಪಾರಿವಾಳಗಳು ಬಾರದಂತೆ ಮೇಲೆ ಹಳೆಯ ಸೀರೆಯೊಂದನ್ನು ಚಪ್ಪರದಂತೆ ಕಟ್ಟಲಾಗಿತ್ತು. ಅದರಡಿಯಲ್ಲಿ, ಮೊಣಕೈವರೆಗೆ ಹಿಟ್ಟು ಬಳಿದುಕೊಂಡ ಮುದುಕಿಯೊಬ್ಬಳು ಕುಳಿತು ಒಣಗಿದ ಎಳೆಗಳನ್ನು ಬುಟ್ಟಿಗೆ ಬಿಡಿಸುತ್ತಿದ್ದಳು. ಅವಳು ರಾಚವ್ವ, ಮೂರನೆಯ ಮಾಳಿಗೆಯವಳು. ವಿಜಯಪುರದ ಕಡೆಯಿಂದ ಮದುವೆಯಾಗಿ ಈ ಚಾಳಿಗೆ ಬಂದವಳು ಇಲ್ಲಿಯೇ ಮುದುಕಿಯಾಗಿದ್ದಳು.

"ಬಾ ತಂಗಿ, ನೆರಳಿಗೆ ಬಾ," ಎಂದಳು ರಾಚವ್ವ ತಲೆಯೆತ್ತದೆ. "ಎಳಿಗೆ ದುಪಟ್ಟಾ ತಾಗಿಸಬ್ಯಾಡ."

ವಿನೋದಿನಿಗೆ ನಗು ಬಂತು. ಅದನ್ನು ತಡೆಯಲು ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳಬೇಕಾಯಿತು.

"ಅಜ್ಜಿ, ಈ ಕೋಲುಗಳನ್ನು ಎಲ್ಲಿಂದ ತಂದಿರಿ?"

"ನಮ್ಮ ಬಿದಿರಿನ ಕೋಲ ಗಣಪತಿ ಮಂಟಪಕ್ಕಂತ ಒಯ್ದ ಹುಡುಗರು ತಿರುಗಿ ಕೊಡಲೇ ಇಲ್ಲ. ಪ್ರೀತಮನ ಖೋಲ್ಯಾಗ ಇವು ಸುಮ್ನ ಬಿದ್ದಿದ್ದವು. ಉರದು ಮುಗದಾವ, ಇನ್ನ ಹೊರಗ ಹೋಗೂವು. ಎರಡ ದಿನ ನನ್ನ ಶ್ಯಾವಿಗಿ ಹೊತ್ತರ ಅವಕ್ಕೇನ ಭಾರ?" ರಾಚವ್ವ ಒಂದು ಟ್ಯೂಬಿನ ಮೇಲೆ ಅಕ್ಕರೆಯಿಂದ ಕೈಯಾಡಿಸಿದಳು. "ಬಿದಿರಿಗೆ ಎಳಿ ಅಂಟತಾವ. ಇದಕ್ಕ ಒಂಚೂರ ಹಿಟ್ಟ ಸವರಿದರ ಸಾಕು, ಜಾರಿ ಬರತಾವ. ಅಲ್ಲೇ ನಿಂತ ಸವರಿ ನೋಡೇ ತಂದೇನಿ. ಇಂಥಾ ನುಣ್ಣನ ಕೋಲ ನಮ್ಮ ವಿಜಯಪುರದಾಗೂ ಸಿಗಂಗಿಲ್ಲ."

ಪುಡಿಯ ಕಥೆ ಅಷ್ಟೇ ಆಗಿತ್ತು. ಭಾನುವಾರ ಕಣಕ ನಾದಿದ ಕೈಯಲ್ಲಿಯೇ ಅವಳು ಮಗ ಬಂಡೆಪ್ಪನೊಡನೆ ಕೆಳಗಿಳಿದು, ಬೀಗವಿಲ್ಲದ ಖೋಲಿಯಿಂದ ಟ್ಯೂಬುಗಳನ್ನು ಹೊತ್ತು ತಂದಿದ್ದಳು. ಶ್ಯಾವಿಗೆ ಹಾಕಿ, ಟೆರೇಸಿಗೆ ಬೀಗ ಜಡಿದು, ಸೋಮವಾರ ನಸುಕಿನಲ್ಲಿಯೇ ಇಬ್ಬರೂ ಡೊಂಬಿವಲಿಯ ಮಗಳ ಮನೆಗೆ ಹೋಗಿದ್ದರು. ಮರಳಿದ್ದು ಇವತ್ತು ಮಧ್ಯಾಹ್ನ. ಪ್ರೀತಮ್ ಸಿಕ್ಕರೆ ಹೇಳಿದರಾಯಿತೆಂದುಕೊಂಡಿದ್ದಳು. ನಿಶ್ಮಿತಾ ಆಸ್ಪತ್ರೆಗೆ ಹೋಗಿದ್ದಾಳೆಂದು ಕೆಳಗಿನವರು ಹೇಳಿದಾಗ, ಬಸುರಿ ಹೆಂಗಸು, ತೋರಿಸಿಕೊಳ್ಳಲು ಹೋಗಿರಬೇಕೆಂದು ಸುಮ್ಮನಾಗಿದ್ದಳು.

ವಿನೋದಿನಿ ಕೈಗವಸು ತೊಟ್ಟು, ಒಂದೊಂದೇ ಟ್ಯೂಬಿನ ಬಳಿ ಬಗ್ಗಿ, ತುದಿಯಿಂದ ತುದಿಗೆ ನೋಡುತ್ತ ಹೋದಳು. ಟೊಪ್ಪಿಗಳು ಭದ್ರವಾಗಿದ್ದವು. ಹಿಟ್ಟು ಬಳಿದ ಗಾಜಿನಲ್ಲಿ ಎಲ್ಲಿಯೂ ಕೂದಲೆಳೆಯ ಬಿರುಕೂ ಕಾಣಲಿಲ್ಲ. ನೋಡುತ್ತಲೇ ವಿಷಯವನ್ನು ಅಜ್ಜಿಗೆ ಸಾವಧಾನವಾಗಿ ವಿವರಿಸಿದಳು: ಇಡಿಯಾಗಿರುವಷ್ಟು ಕಾಲ ಈ ಕೊಳವೆಗಳಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಒಳಗೆ ಕಣ್ಣಿಗೆ ಕಾಣದಷ್ಟು ಪಾದರಸವಿದೆ. ಒಡೆದರೆ ಅದು ಗಾಳಿಗೆ ಸೇರುತ್ತದೆ, ಮುಚ್ಚಿದ ಕೋಣೆಯಲ್ಲಾದರೆ ಉಸಿರಿಗೆ ಸೇರುತ್ತದೆ. ಬಸುರಿಯರಿಗೆ ಅದು ಎಲ್ಲರಿಗಿಂತ ಹೆಚ್ಚು ಕೆಟ್ಟದ್ದು. ಅದಕ್ಕಾಗಿಯೇ ಪ್ರೀತಮ್ ಇವನ್ನು ಕಸದ ಗಾಡಿಗೆ ಹಾಕದೆ, ಪರವಾನಗಿ ಇರುವ ಮರುಬಳಕೆ ಘಟಕಕ್ಕೆ ಕಳಿಸುತ್ತಾನೆ. ಅಲ್ಲಿ ಮುಚ್ಚಿದ ಯಂತ್ರದೊಳಗೆ ಒಡೆದು ಗಾಜನ್ನು, ಲೋಹವನ್ನು, ಪುಡಿಯನ್ನು, ಪಾದರಸವನ್ನು ಬೇರೆಬೇರೆ ಮಾಡುತ್ತಾರೆ.

ಆಮೇಲೆ ಸೋಮವಾರದ ಗದ್ದಲವನ್ನು ಹೇಳಿದಳು.

ರಾಚವ್ವನ ಕೈ ಬುಟ್ಟಿಯಲ್ಲಿಯೇ ನಿಂತಿತು. "ನನ್ನ ಹಿಟ್ಟ ನೋಡಿ ಆ ಹುಡಿಗೀನ ದವಾಖಾನಿಗೆ ಒಯ್ದರೇನ?"

"ನಿಮ್ಮ ತಪ್ಪಿಲ್ಲ ಅಜ್ಜಿ. ಯಾರೂ ಸರಿಯಾಗಿ ನೋಡ್ಲಿಲ್ಲ, ಅಷ್ಟೇ."

"ತಪ್ಪ ಹ್ಯಾಂಗ ಇಲ್ಲ ತಂಗಿ? ಕೇಳದ ತಂದೆ." ಅವಳು ಸೆರಗಿನಿಂದ ಮುಖ ಒರೆಸಿದಳು, ಮುಖವೂ ಬಿಳಿಯಾಯಿತು. "ಖರೇ ಹೇಳ, ಒಂದೂ ಒಡದಿಲ್ಲಲ್ಲ?"

"ಒಂದೂ ಒಡೆದಿಲ್ಲ."

ಅಷ್ಟರಲ್ಲಿ ವಿನೋದಿನಿಯ ಫೋನ್ ಗುನುಗಿತು. ಪ್ರೀತಮ್. ಅವಳು ಕಿವಿಗಿಟ್ಟುಕೊಂಡಾಗ ಮೊದಲು ಕೇಳಿಸಿದ್ದು ಆಸ್ಪತ್ರೆಯ ಲಿಫ್ಟಿನ ಗಂಟೆ, ಯಾರದೋ ಚಪ್ಪಲಿಯ ಸದ್ದು.

"ಅಕ್ಕ," ಎಂದ ಅವನು. "ರಿಪೋರ್ಟ್ ಬಂತು. ಕುಛ್ ನಹೀಂ ಹೈ. ಪಾದರಸ ಇಲ್ಲಾಂತ. ಆ ವಾಂತಿ ಪಿತ್ತದ್ದು, ನಾರ್ಮಲ್ ಅಂತೆ. ಮಗು ಒದೀತಾ ಉಂಟು, ನಾನೇ ಕೈಯಿಟ್ಟು ನೋಡಿದೆ."

ಅವನು ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ಟ್ಯೂಬುಗಳು ಸಿಕ್ಕಿವೆ, ಎಲ್ಲವೂ ಇಡಿಯಾಗಿವೆ, ಎಲ್ಲಿ ಸಿಕ್ಕವೆಂಬುದನ್ನು ಮನೆಗೆ ಬಂದು ಕಣ್ಣಾರೆ ನೋಡು ಎಂದು ವಿನೋದಿನಿ ಹೇಳಿದಳು. ಆಸ್ಪತ್ರೆಯವರು ಬಿಟ್ಟಿದ್ದಾರೆ, ಟ್ಯಾಕ್ಸಿ ಹಿಡಿಯುತ್ತಿದ್ದೇವೆ, ಇನ್ನೇನು ಬಂದೆವು ಎಂದ ಅವನು. ಫೋನಿನಲ್ಲಿ ನಿಶ್ಮಿತಾಳ ದನಿಯೂ ಕೇಳಿಸಿತು, ಹಸಿವಾಗುತ್ತಿದೆ ಎನ್ನುತ್ತಿದ್ದಳು.

ವಿನೋದಿನಿ ಫೋನ್ ಇಟ್ಟು, ಮುಖಗವಸನ್ನು ಪೂರ್ತಿ ತೆಗೆದು, ಪರೇಲಿನ ಧೂಳುಗಾಳಿಯನ್ನು ಎದೆತುಂಬ ಎಳೆದುಕೊಂಡಳು.

ಪೂವಪ್ಪ ಏದುಸಿರು ಬಿಡುತ್ತ ಮೇಲೆ ಬಂದಾಗ ರಾಚವ್ವ ಎಳೆಗಳನ್ನು ಇಳಿಸುತ್ತಿದ್ದಳು. ಅವರು ಮಂಚಗಳನ್ನು ನೋಡಿದರು, ಟ್ಯೂಬುಗಳನ್ನು ನೋಡಿದರು, ಶ್ಯಾವಿಗೆಯನ್ನು ನೋಡಿದರು. ಕವುಚಿಟ್ಟಿದ್ದ ಬಕೆಟ್ಟಿನ ಮೇಲೆ ಕುಳಿತರು. ನಗು ತಡೆಯಲಾರದೆ ಅವರ ಹೊಟ್ಟೆ ಕುಲುಕುತ್ತಿತ್ತು.

"ಇದಕ್ಕೆ ನಾನು ದೂರು ಬರೆಸಿದೆನಾ," ಎಂದರು ಕಣ್ಣೊರೆಸಿಕೊಳ್ಳುತ್ತ.

"ಬರಸ್ತೀರಿ, ಬರಸ್ತೀರಿ," ಎಂದಳು ರಾಚವ್ವ. "ಖೋಲಿ ಸಿಗತದಂದ್ರ ನನ್ನ ಮ್ಯಾಲೂ ಬರಸ್ತೀರಿ. ಹೋದ ವರ್ಷ ನನ್ನ ಶ್ಯಾವಿಗಿ ಪಾಯಸಾ ಮೂರ ವಾಟಗಾ ಕುಡದಾಗ ಘಟ್ಟದ ಹಿಟ್ಟ ಅಂತ ಅನಲಿಲ್ಲ."

"ಪಾಯಸದ ಮಾತು ಬೇರೆ, ರಾಚವ್ವ."

ಸಭೆ ನಡೆಯುವುದಿಲ್ಲವೆಂದು ಅವರು ಅಲ್ಲಿಂದಲೇ ಕಮಿಟಿಯವರಿಗೆ ಫೋನ್ ಮಾಡಿದರು. ದೂರನ್ನು ಹಿಂದಕ್ಕೆ ಪಡೆದದ್ದನ್ನು ವಿನೋದಿನಿ ಎರಡು ಸಲ ಬಾಯಿಬಿಟ್ಟು ಹೇಳಿಸಿದಳು. ಪ್ರೀತಮ್‌ನ ಖೋಲಿಗೆ ಒಳ್ಳೆಯ ಬೀಗವನ್ನೂ ಟ್ಯೂಬುಗಳಿಗೆ ಮುಚ್ಚಳವಿರುವ ಗಟ್ಟಿ ಪೆಟ್ಟಿಗೆಯನ್ನೂ ತಾನು ಕೊಡಿಸುವುದಾಗಿ ಪೂವಪ್ಪ ಒಪ್ಪಿದರು. ಗ್ರೈಂಡರನ್ನು ಎಲ್ಲಿಡಬೇಕೆಂಬುದನ್ನು ಆ ಹೊತ್ತಿಗೆ ಯಾರೂ ಎತ್ತಲಿಲ್ಲ. ನಿಶ್ಮಿತಾಳಿಗೆ ಬಿಸಿ ಗಂಜಿ ಮಾಡಿಸಬೇಕು ಎನ್ನುತ್ತ ಅವರು ಇಳಿದುಹೋದರು.

ಶ್ಯಾವಿಗೆಯ ವಿಚಾರದಲ್ಲಿ ಮಾತ್ರ ವಿನೋದಿನಿ ಬಗ್ಗಲಿಲ್ಲ. ಒಂದು ಹಿಡಿಯನ್ನು ಪ್ರಯೋಗಾಲಯಕ್ಕೆ ಒಯ್ದು ನೋಡುವವರೆಗೆ ಯಾರೂ ಅದನ್ನು ಬೇಯಿಸಬಾರದು ಎಂದಳು. ರಾಚವ್ವ ಗೊಣಗಿದಳು, ಒಪ್ಪಿದಳು, ಮತ್ತೆ ಗೊಣಗಿದಳು.

ಇಬ್ಬರೂ ಸೇರಿ ಟ್ಯೂಬುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಳೆಯ ಹೊದಿಕೆಯೊಂದರ ಮೇಲೆ ಮಲಗಿಸತೊಡಗಿದರು. ಹಿಟ್ಟು ಹೋದಂತೆಲ್ಲ ಅವು ಒಂದೊಂದಾಗಿ ತಮ್ಮ ಹಾಲುಬಿಳುಪಿಗೆ ಮರಳಿದವು.

ಕೊನೆಯದಕ್ಕೆ ಬಂದಾಗ ವಿನೋದಿನಿಯ ಕೈ ನಿಧಾನವಾಯಿತು.

ಹಿಟ್ಟನ್ನು ಒರೆಸಿದ ಕಡೆ ಬಿಳುಪು ಕಾಣಲಿಲ್ಲ. ಗಾಜಿನ ಮೂಲಕ ಅವಳ ಬೆರಳುಗಳೇ ಕಂಡವು. ಕೊಳವೆ ಪೂರ್ತಿ ಪಾರದರ್ಶಕವಾಗಿತ್ತು. ಒಳಗೋಡೆಗೆ ಪುಡಿಯ ಲೇಪವೇ ಇರಲಿಲ್ಲ.

ಅಂಥ ಟ್ಯೂಬನ್ನು ಅವಳು ಬಲ್ಲಳು. ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಜನರನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಕ್ರಿಮಿಗಳನ್ನು ಕೊಲ್ಲಲು ಉರಿಸುವ ನೇರಳಾತೀತ ದೀಪ. ಉದ್ದ, ದಪ್ಪ, ತುದಿಯ ಕಡ್ಡಿಗಳು ಎಲ್ಲವೂ ಮನೆಯ ಟ್ಯೂಬಿನಂತೆಯೇ. ಮನೆಯ ಪಟ್ಟಿಗೆ ಸಿಕ್ಕಿಸಿದರೆ ತಕರಾರಿಲ್ಲದೆ ಕೂರುತ್ತದೆ. ಅದರ ಬೆಳಕಿನಲ್ಲಿ ಸ್ವಲ್ಪ ಹೊತ್ತು ಕುಳಿತರೆ ಸಾಕು, ಕಣ್ಣಿನ ಹೊರಪದರ ಸುಡುತ್ತದೆ, ಚರ್ಮ ಸುಲಿಯುತ್ತದೆ. ಉರಿಯುವಾಗ ಏನೂ ತಿಳಿಯುವುದಿಲ್ಲ. ನೋವು ಗಂಟೆಗಳ ನಂತರ ಬರುತ್ತದೆ. ಅವಧಿ ಮುಗಿಯಿತೆಂದು ಆಸ್ಪತ್ರೆಯವರು ಬಿಸಾಡಿದ ಮೇಲೂ ಅದು ಉರಿಯುತ್ತದೆ.

ಪ್ರೀತಮ್ ಆಸ್ಪತ್ರೆಗಳಿಂದ ಏನನ್ನೂ ತರುತ್ತಿರಲಿಲ್ಲ. ಇದನ್ನು ಅವನ ಪೆಟ್ಟಿಗೆಗೆ ಬೇರೆ ಯಾರೋ ಸೇರಿಸಿದ್ದರು.

"ಅಜ್ಜಿ, ಇದು ಆ ಪೆಟ್ಟಿಗೆಯಲ್ಲೇ ಇತ್ತಾ?"

"ಅದರಾಗ ಇತ್ತು, ಎಲ್ಲಾದರ ತಳಕ್ಕ. ಹಳೀ ಬಟ್ಟಿ ಸುತ್ತಿ ಇಟ್ಟಿದ್ದರು." ರಾಚವ್ವ ಹೊದಿಕೆಯ ಚುಂಗನ್ನು ಮಡಿಸುತ್ತಿದ್ದಳು. "ಇಂಥಾವ ಎರಡಿದ್ದವು."

"ಇನ್ನೊಂದು ಎಲ್ಲಿ?"

ರಾಚವ್ವನ ಮುಖ ಅರಳಿತು. ನಿಶ್ಮಿತಾಳ ಮನೆಯ ಟ್ಯೂಬು ತಿಂಗಳಿಂದ ಮಿಣುಕುತ್ತಿತ್ತು. ಎಲೆಕ್ಟ್ರಿಷಿಯನ್ನನ ಮನೆಯಲ್ಲಿಯೇ ಕತ್ತಲೆ ಎಂದು ಚಾಳಿನವರೆಲ್ಲ ನಗುತ್ತಿದ್ದರು. ಈ ಎರಡು ಹೊಸದರಂತೆ ಹೊಳೆಯುತ್ತಿದ್ದುದನ್ನು ಕಂಡು, ಹುಡುಗಿ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮನೆ ಬೆಳಗಿರಲೆಂದು, ಮಧ್ಯಾಹ್ನ ಅವಳೇ ಬಂಡೆಪ್ಪನಿಂದ ಒಂದನ್ನು ಹಾಕಿಸಿದ್ದಳು. ಪ್ರೀತಮ್‌ನ ಮನೆಯ ಎರಡನೆಯ ಕೀಲಿ ಸದಾ ಅವಳ ಬಳಿಯೇ ಇರುತ್ತಿತ್ತು.

"ಒಂದ ಸಲಕ್ಕ ಹತ್ತಿತು," ಎಂದಳು. "ಬಂಡೆಪ್ಪ ಹತ್ತಿಸಿ ನೋಡಿ, ಆರಿಸಿ, ಬಾಗಿಲ ಹಾಕ್ಕೊಂಡು ಬಂದ ಡ್ಯೂಟಿಗೆ ಹೋದ. ನೋಡಿಲ್ಲೆ ಕೀಲಿ." ಸೆರಗಿನ ಗಂಟನ್ನು ಬಿಚ್ಚಿ ತೋರಿಸಿದಳು.

ವಿನೋದಿನಿ ಆಗಲೇ ಕಟ್ಟೆಯ ಬಳಿ ಇದ್ದಳು.

ಮೂರು ಮಾಳಿಗೆಗಳ ಕೆಳಗೆ, ಯಾವಾಗಲೂ ನೆರಳಿರುವ ಒಳಚೌಕದಲ್ಲಿ, ನಿಶ್ಮಿತಾಳ ಮನೆಯ ಕಿಟಕಿ ಕಾಣುತ್ತಿತ್ತು. ಪರದೆಯ ಹಿಂದೆ ಬೆಳಕಿತ್ತು. ಮನೆಯ ದೀಪಗಳ ಬಣ್ಣವಲ್ಲ. ತೆಳ್ಳನೆಯ, ತಣ್ಣನೆಯ ನೀಲಿ.

ಅವರು ಬಂದುಬಿಟ್ಟಿರಬೇಕು.

ಅವಳು ಕೈಯಲ್ಲಿದ್ದ ಕೊಳವೆಯನ್ನು ಹೊದಿಕೆಯ ಮೇಲಿಟ್ಟು ಓಡಿದಳು. ಮೆಟ್ಟಿಲಿಳಿಯುತ್ತಲೇ ಪ್ರೀತಮ್‌ಗೆ ಫೋನ್ ಹಚ್ಚಿದಳು. ಅದು ರಿಂಗಾಗುತ್ತಲೇ ಇತ್ತು. ದೀಪ ಆರಿಸು, ಹೊರಗೆ ಬಾ ಎಂದು ಕೂಗುತ್ತ ತಿರುವುಗಳನ್ನು ದಾಟಿದಳು. ಬಾಗಿಲುಗಳಿಂದ ತಲೆಗಳು ಇಣುಕಿದವು. ಎರಡು ದಿನ ಕಾದು, ಒಂದು ವರದಿಗಾಗಿ ಜೀವ ಹಿಡಿದು ಕುಳಿತಿದ್ದ ಹೆಣ್ಣನ್ನು ತಾನು ಈಗ ಮನೆಯ ದೀಪದ ಕೆಳಗೆ ಸುಟ್ಟುಕೊಳ್ಳಲು ಬಿಡುವುದೇ?

ಕೊನೆಯ ಮೆಟ್ಟಿಲನ್ನು ಇಳಿದಾಗ ಗೇಟಿನ ಬಳಿ ಟ್ಯಾಕ್ಸಿಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ನಿಶ್ಮಿತಾ ಅಲ್ಲಿ ನಿಂತಿದ್ದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಪ್ರೀತಮ್‌ನ ಭುಜದ ಮೇಲೆ. ಸೊರಗಿದ್ದಳು, ಆದರೆ ನಗುತ್ತಿದ್ದಳು. ಪೂವಪ್ಪ ಗಂಜಿಯ ಪಾತ್ರೆ ಹಿಡಿದು ಅವಳೆದುರು ನಿಂತು ಏನನ್ನೋ ಹೇಳಲು ತಡವರಿಸುತ್ತಿದ್ದರು.

ವಿನೋದಿನಿ ಓಡಿಹೋಗಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು. ಬೆಚ್ಚಗಿದ್ದವು. ಇನ್ನೂ ಒಳಗೆ ಹೋಗಿರಲಿಲ್ಲ. ಆ ಬೆಳಕು ಅವಳನ್ನು ಮುಟ್ಟಿರಲಿಲ್ಲ. ವಿನೋದಿನಿ ಗೇಟಿನ ಕಂಬಕ್ಕೆ ಒರಗಿದಳು.

"ಎಂತಾಯ್ತು ಅಕ್ಕ? ಯಾಕೆ ಕೂಗಿದ್ದು?" ಎಂದ ಪ್ರೀತಮ್. ಜೇಬಿನಿಂದ ಮನೆಯ ಕೀಲಿಯನ್ನು ತೆಗೆದು ಬೆರಳಿಗೆ ಸಿಕ್ಕಿಸಿಕೊಂಡಿದ್ದ.

ವಿನೋದಿನಿ ಆ ಕೀಲಿಯನ್ನು ನೋಡಿದಳು. ಇನ್ನೊಂದನ್ನು ಆಗಷ್ಟೇ ರಾಚವ್ವನ ಕೈಯಲ್ಲಿ ನೋಡಿ ಬಂದಿದ್ದಳು.

"ಮನೆಯ ಕೀಲಿ ಎಷ್ಟಿವೆ, ಪ್ರೀತಮ್?"

"ಎರಡೇ. ಯಾಕೆ?"

ಅವಳು ಚೌಕದ ಕಡೆ ತಿರುಗಿದಳು. ಎಲ್ಲರೂ ಅವಳ ನೋಟವನ್ನೇ ಹಿಂಬಾಲಿಸಿದರು. ಪರದೆಯ ಹಿಂದೆ ನೀಲಿ ಬೆಳಕು ಕದಲದೆ ಉರಿಯುತ್ತಿತ್ತು. ಅದರ ಮುಂದೆ ಒಂದು ನೆರಳು ಬಗ್ಗಿ ನೆಲದಲ್ಲಿ ಏನನ್ನೋ ತಡಕಾಡಿ, ನಿಂತು, ಪಕ್ಕಕ್ಕೆ ಸರಿಯಿತು. ಆ ಎರಡು ಕೊಳವೆಗಳನ್ನು ಬಟ್ಟೆ ಸುತ್ತಿ ಬಚ್ಚಿಟ್ಟವರು ಖೋಲಿಯ ಒಳಗಿಟಕಿಯಿಂದ ನುಗ್ಗಿ ಅವನ್ನೇ ಹುಡುಕುತ್ತಿರಬೇಕು ಎಂದು ವಿನೋದಿನಿಗೆ ಹೊಳೆಯಿತು.

ಪ್ರೀತಮ್ ಯಾರ ತಡೆಗೂ ನಿಲ್ಲದೆ ಹೋಗಿ ಕೀಲಿಯನ್ನು ಬಾಗಿಲಿಗೆ ತೂರಿಸಿ ತಿರುಗಿಸಿದ. ಬಾಗಿಲು ಒಂದು ಬೆರಳಿನಷ್ಟು ತೆರೆಯಿತು.

ಒಳಗಿನಿಂದ ಯಾರೋ ಅದನ್ನು ಮತ್ತೆ ದೂಡಿ ಮುಚ್ಚಿ, ಚಿಲಕ ಹಾಕಿದರು.